ಹತ್ತಕ್ಕೆ ಹತ್ತು

ಹೋದ ತಿಂಗಳು ನನ್ನ ತಮ್ಮನ ಸೊಸೆ ಮೂರು ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. ಅವಳು ತನ್ನ ಇಬ್ಬರು ಮಕ್ಕಳನ್ನೂ ಶಾಲೆ ಬಿಡಿಸಿದ್ದಾಳೆ. ಈಗ ಮನೆಯಲ್ಲೇ ಪಾಠ. ಗಣಿತಕ್ಕೂ ವಿಜ್ಞಾನಕ್ಕೂ ಏನೇನೋ ಗೊತ್ತುಮಾಡಿಕೊಂಡಿದ್ದಾಳೆ. ಬರವಣಿಗೆಗೆ ಮಾತ್ರ ಯಾವ ಪಠ್ಯಕ್ರಮ ಹಿಡಿಯುವುದೆಂದು ತಿಳಿಯದೆ ನನ್ನನ್ನು ಕೇಳಲು ಬಂದಿದ್ದಳು. ಮೂವತ್ತು ವರ್ಷ ಪರರ ಮಕ್ಕಳಿಂದ ಪ್ರಬಂಧ ಬರೆಸಿದ ಮುದುಕಿ ನಾನು, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮೂರೂ ನುಣುಪು ಕಾಗದದ ಪುಸ್ತಕಗಳು. ಒಂದರಲ್ಲಿ ಮೇಲಿನ ಸಾಲನ್ನು ನೋಡಿ ಕೆಳಗೆ ಬರೆಯುವುದು. ಇನ್ನೊಂದರಲ್ಲಿ ಪತ್ರ, ಅರ್ಜಿ, ವರದಿ. ಮೂರನೆಯದರಲ್ಲಿ ಮಗು ತನ್ನ ಸುತ್ತ ಕಂಡದ್ದನ್ನು, ಪ್ರಶ್ನೆ ಹಾಕಿಕೊಂಡು, ಹಂತ ಹಂತವಾಗಿ ಬರೆಯುವುದು. ಅದರ ಹೊದಿಕೆಯ ಮೇಲೆ ಹಲ್ಲು ಕಿರಿಯುವ ಒಂದು ಮಗು, ಅದರ ಮೂಗಿನ ಮುಂದೆ ಒಂದು ಚಿಟ್ಟೆ. ಮೊದಲು ಅದನ್ನೇ ಎತ್ತಿ ನೆಲಕ್ಕಿಟ್ಟೆ. "ನೋಡಿ ಬರೆಯೋದನ್ನೇ ಹಿಡಿ" ಅಂದೆ. ಅವಳು ನಕ್ಕಳು. "ಅತ್ತೆ, ಅದರಲ್ಲಿ ಮಕ್ಕಳ ಸ್ವಂತದ್ದು ಅಂತ ಏನೂ ಇರೋದಿಲ್ವಲ್ಲ" ಅಂದಳು. ಅದಕ್ಕೇ ಹೇಳಿದ್ದು ಅಂದೆ. ಮುದುಕಿಗೆ ಅರಳುಮರುಳು ಎಂದುಕೊಂಡು ಕಾಫಿ ಕುಡಿದು ಹೋದಳು.

ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಯಾರ ಹೆಸರೂ ಇರುವುದಿಲ್ಲ. ಹೆಸರು ಹಾಕಿ ಒಮ್ಮೆ ಬರೆದಿದ್ದೇನೆ, ಈ ಜನ್ಮಕ್ಕೆ ಅದು ಸಾಕು.

ನಮ್ಮ ಮನೆ ಇದ್ದದ್ದು ಮರಕ್ಕಡವಿನ ದೋಣಿಗಟ್ಟೆಯ ಈಚೆ, ಕಬಿನಿಯ ವಯನಾಡಿನ ದಡದಲ್ಲಿ. ಹೊಳೆಯಾಚೆ ಮೈಸೂರು ಸೀಮೆ. ಅಪ್ಪನ ಅಪ್ಪ ಆ ಕಡೆಯಿಂದ ದೋಣಿಯಲ್ಲಿ ಬಂದು ಗದ್ದೆ ಮಾಡಿದವರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಶಾಲೆಯಲ್ಲಿ ಮಲಯಾಳ, ಕಚೇರಿಯಲ್ಲಿ ಮಲಯಾಳ, ಅಂಗಡಿಯವನು ಪೊಟ್ಟಣ ಕಟ್ಟುವ ಪತ್ರಿಕೆಯೂ ಮಲಯಾಳ. ನಮ್ಮ ಲಿಪಿ ನಮ್ಮ ಮನೆಯೊಳಗೆ ಮಾತ್ರ ಚಲಾವಣೆಯಲ್ಲಿತ್ತು. ಅದರ ಬಗ್ಗೆ ಅಪ್ಪನಿಗೆ ಒಂದು ಬಗೆಯ ಗರ್ವ. ಬೀಗದ ಕೈ ನಮ್ಮ ಹತ್ತಿರ ಮಾತ್ರ ಇರುವ ಪೆಟ್ಟಿಗೆ ಅದು ಎನ್ನುತ್ತಿದ್ದರು.

ನನಗೆ ಹನ್ನೊಂದು, ತಮ್ಮನಿಗೆ ಒಂಬತ್ತು ವಯಸ್ಸಿನಲ್ಲಿ ನಕ್ಸಲೈಟರ ಗಲಾಟೆ ಶುರುವಾಯಿತು. ಗೋಡೆಗಳ ಮೇಲೆ ಕೆಂಪು ಬರಹ ಬಂತು. ಭೂಮಿ ಉಳುವವರದ್ದು ಎಂದು ಮೆರವಣಿಗೆ ಹೋದ ಕೂಲಿಯವರಲ್ಲಿ ಕೆಲವರು ಕಾಡು ಸೇರಿದರು, ಕೆಲವರು ಪೊಲೀಸರ ಕೈ ಸೇರಿದರು. ಅಪ್ಪನಿಗೆ ಎರಡು ಕಡೆಯ ಭಯ. ಐದಾರು ಎಕರೆ ಗದ್ದೆ ಇದ್ದದ್ದಕ್ಕೆ ನಕ್ಸಲೈಟರ ಕಣ್ಣಿಗೆ ಜನ್ಮಿ, ಅಂದರೆ ಜಮೀನ್ದಾರ. ಕಾಡಿನ ಅಂಚಿನಲ್ಲಿ ಮನೆ ಇದ್ದದ್ದಕ್ಕೆ ಪೊಲೀಸರ ಕಣ್ಣಿಗೆ ಕಾಡಿನವರಿಗೆ ಅನ್ನ ಹಾಕುವವ. ಪೊಲೀಸರು ಬಂದು ನಮ್ಮ ಶಾಲೆಯಲ್ಲಿ ಬಿಡಾರ ಹೂಡಿದರು. ಬೆಂಚುಗಳ ಮೇಲೆ ಹಾಸಿಗೆ, ಕರಿಹಲಗೆಗೆ ಮೊಳೆ ಹೊಡೆದು ಬೆಲ್ಟುಗಳು. ಮಾಸ್ತರರು ತಮ್ಮ ತಮ್ಮ ಊರಿಗೆ ಹೋದರು, ನಾವು ಮನೆಯಲ್ಲಿ ಉಳಿದೆವು.

ಮಕ್ಕಳು ಬರಹ ಮರೆತುಬಿಡುತ್ತವೆ ಎಂದು ಅಪ್ಪ ತಾವೇ ಕಲಿಸಲು ಕೂತರು. ಹೇಗೆ ಕಲಿಸುವುದು ಎಂಬುದಕ್ಕೆ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಅವ್ವನಿಗೆ ನೋಡಿ ಬರೆದರೆ ಸಾಕಿತ್ತು. ತನ್ನ ತವರಿನಲ್ಲಿ ಹಾಗೇ ಕಲಿತವಳು. ಪನಮರಂ ಸಂತೆಯಲ್ಲಿ ಅಪ್ಪನಿಗೆ ಪರಿಚಯವಿದ್ದ ಒಬ್ಬ ಅರ್ಜಿ ಬರೆಯುವವನು, ಮಕ್ಕಳಿಗೆ ಮಲಯಾಳದಲ್ಲಿ ಅರ್ಜಿ ಬರೆಯಲು ಕಲಿಸಿ, ಮುಂದೆ ಪಟ್ಟಾ ವ್ಯಾಜ್ಯಕ್ಕೆ ಕೆಲಸಕ್ಕೆ ಬರುತ್ತದೆ ಎಂದು ಬುದ್ಧಿ ಹೇಳಿದ್ದ. ಮೂರನೆಯ ದಾರಿ ಹೊಳೆಯಾಚೆಯಿಂದ ಬಂತು. ಅಲ್ಲಿ ಮೇಷ್ಟರಾಗಿದ್ದ ನನ್ನ ಸೋದರಮಾವ ಕನ್ನಡದ ಒಂದು ತೆಳು ಕೈಪಿಡಿ ಕಳಿಸಿದ್ದರು. ದಿನಕ್ಕೊಂದು ಪುಟ, ಕಂಡದ್ದನ್ನು ಬರೆಯಬೇಕು, ಬರೆಯುವ ಮುಂಚೆ ಆರು ಪ್ರಶ್ನೆ ಕೇಳಿಕೊಳ್ಳಬೇಕು: ಯಾರು, ಏನು, ಯಾವಾಗ, ಎಲ್ಲಿ, ಎಷ್ಟು, ಯಾಕೆ.

ಅಪ್ಪ ಅದನ್ನೇ ಆರಿಸಿದರು. ಒಂದೇ ಒಂದು ತಿದ್ದುಪಡಿ ಮಾಡಿದರು. ಕೆಂಪು ಶಾಯಿಯಲ್ಲಿ ಆರನೆಯ ಪ್ರಶ್ನೆಯ ಮೇಲೆ ಗೀಟು ಎಳೆದರು.

"ಯಾಕೆ ಅನ್ನೋದು ನಿಮ್ಗೆ ಬ್ಯಾಡ" ಅಂದರು. "ಈಗ ಯಾಕೆ ಅಂತ ಕೇಳ್ದೋರನ್ನೆಲ್ಲ ಜೀಪಿಗೆ ತುಂಬ್ಕೊಂಡು ಹೋಯ್ತಾವ್ರೆ. ಕಂಡದ್ದು ಬರೀರಿ. ಕಂಡದ್ದು ಬುಟ್ಟು ಒಂದಕ್ಷರ ಬರುದ್ರೆ ಗೆಣ್ಣು ಮುರೀತೀನಿ."

ಅವರು ಜಾಣರು ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಹಾಗೆ ಗೀಟು ಎಳೆದರೆ ಅಪಾಯ ಹೊರಗೆ ಉಳಿಯುತ್ತದೆ ಎಂದು ಅವರೂ ನಂಬಿದ್ದರು. ಇವತ್ತಿಗೂ ಆ ಗೀಟನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಗೆಣ್ಣು ಮುರಿಯುತ್ತೇನೆ ಎಂದದ್ದು ಬರಿ ಮಾತಲ್ಲ. ಕಾಫಿ ಗಿಡದ ಒಂದು ಕಡ್ಡಿ ಅವರ ಪಕ್ಕದಲ್ಲೇ ಇರುತ್ತಿತ್ತು. 'ಸುಂದರವಾದ ಹೊಳೆ' ಎಂದು ಬರೆದರೆ ಒಂದು ಏಟು. ಸುಂದರ ಅನ್ನುವುದು ಎಲ್ಲಿ ಕಂಡಿತು, ತೋರಿಸು ಎನ್ನುತ್ತಿದ್ದರು. 'ತುಂಬ ಜನ' ಎಂದು ಬರೆದರೆ ಎರಡು ಏಟು. ಎಷ್ಟು ಜನ ಎಂದು ಎಣಿಸಲು ನಿನಗೆ ಏನು ರೋಗ? ಅದಕ್ಕಿಂತ ಕೆಟ್ಟದ್ದು ಮಧ್ಯಾಹ್ನದ ಓದು. ಗದ್ದೆಯ ಆಳುಗಳು ಗಂಜಿ ಕುಡಿಯಲು ಅಂಗಳದಲ್ಲಿ ಸಾಲಾಗಿ ಕೂತಾಗ ನಾವಿಬ್ಬರೂ ಜಗುಲಿಯ ಮೇಲೆ ನಿಂತು ಹಿಂದಿನ ದಿನ ಬರೆದದ್ದನ್ನು ಗಟ್ಟಿಯಾಗಿ ಓದಬೇಕಿತ್ತು. ಕೆಟ್ಟದಾಗಿ ಬರೆದದ್ದನ್ನು ಎರಡು ಸಲ. ಅಪ್ಪ ನಡುನಡುವೆ ಅಣಕಿಸುತ್ತಿದ್ದರು, ಆಳುಗಳು ಯಜಮಾನರು ನಕ್ಕರೆಂದು ತಾವೂ ನಗುತ್ತಿದ್ದರು.

ನನ್ನ ತಮ್ಮ ಇದಕ್ಕೆಲ್ಲ ಜಗ್ಗುವವನಲ್ಲ. 'ಇವತ್ತು ಮಳೆ. ನಿನ್ನೆಯೂ ಮಳೆ. ನಾಳೆ ನೋಡಿ ಹೇಳುತ್ತೇನೆ' ಎಂದು ಬರೆದು ಕಡ್ಡಿಗೆ ಕೈ ನೀಡಿ ಆಟಕ್ಕೆ ಓಡುತ್ತಿದ್ದ. ಹತ್ತಕ್ಕೆ ಎರಡು ಬಂದರೆ ಅವನಿಗೆ ಹಬ್ಬ. ಅವನ ಬರವಣಿಗೆಯಿಂದ ಈ ಭೂಮಿಯ ಮೇಲೆ ಯಾರಿಗೂ ಕೂದಲೂ ಕೊಂಕಲಿಲ್ಲ. ನಾನು ಹಾಗಲ್ಲ. ನನಗೆ ಏಳು ಬರುತ್ತಿತ್ತು, ಎಂಟು ಬರುತ್ತಿತ್ತು, ಒಮ್ಮೆ ಎಂಟೂವರೆ ಬಂತು. ಹತ್ತಕ್ಕೆ ಹತ್ತು ಬರುವವರೆಗೆ ನನಗೆ ಊಟ ರುಚಿಸುತ್ತಿರಲಿಲ್ಲ. ಅಪ್ಪ ಯಾರನ್ನೂ ಹೊಗಳದ ಮನುಷ್ಯ. ಅವರ ಬಾಯಿಂದ ಒಂದು ಭಲೆ ಕೇಳಲು ನಾನು ಯಾರನ್ನು ಬೇಕಾದರೂ ಮಾರಿಬಿಡುವ ಹುಡುಗಿಯಾಗಿದ್ದೆ.

ಆಳುಗಳಲ್ಲಿ ಒಬ್ಬಳು ಬೆಟ್ಟದ ಜನದ ಹೆಂಗಸು. ನಮ್ಮದಕ್ಕೆ ಹತ್ತಿರದ, ಆದರೆ ನಮ್ಮದಲ್ಲದ ಒಂದು ಕನ್ನಡ ಆಡುತ್ತಿದ್ದಳು. ದೊಡ್ಡವರು ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದರು, ಮಕ್ಕಳು ನಾವು ಅಕ್ಕ ಎನ್ನುತ್ತಿದ್ದೆವು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾಟಿಗೆ ಇಳಿದರೆ ಉಳಿದವರೆಲ್ಲ ಒಂದು ಸಾಲು ಮುಗಿಸುವುದರೊಳಗೆ ಅವಳದು ಎರಡು ಮುಗಿದಿರುತ್ತಿತ್ತು. ಅವಳ ಬಲಗೈ ನೀರಿಗೆ ಇಳಿದದ್ದು, ಎದ್ದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ನಮ್ಮ ಮಧ್ಯಾಹ್ನದ ಓದನ್ನು ಮನಸ್ಸಿಟ್ಟು ಕೇಳುತ್ತಿದ್ದವಳು ಅವಳೊಬ್ಬಳೇ. ಅಪ್ಪ ಅಣಕಿಸಿದಾಗ ನಗದೆ ಗಂಜಿ ನೋಡಿಕೊಂಡು ಕೂರುತ್ತಿದ್ದವಳೂ ಅವಳೇ.

ಆ ಆಷಾಢದಲ್ಲಿ, ನಾಟಿಯ ಸಮಯದಲ್ಲಿ, ಒಂದು ದಿನ ಅವಳು ಗಂಜಿಯನ್ನು ಅರ್ಧ ಕುಡಿದು ಉಳಿದದ್ದನ್ನು ಪಾತ್ರೆಗೆ ಹಾಕಿಕೊಳ್ಳುವುದು ಕಂಡೆ. ಹಾಗೆ ಮನೆಗೆ ಒಯ್ಯುವವರು ಬೇಕಾದಷ್ಟು ಜನ. ಆದರೆ ಅವಳು ಮನೆಯ ದಾರಿ ಹಿಡಿಯಲಿಲ್ಲ. ಗದ್ದೆಗೂ ಕಾಡಿಗೂ ನಡುವೆ ಒಂದು ಹಳ್ಳ ಇತ್ತು, ಅದಕ್ಕೆ ನಾವು ತೋಡು ಎನ್ನುತ್ತಿದ್ದೆವು. ಅವಳು ಅದನ್ನು ದಾಟಿ ಬಿದಿರು ಮೆಳೆಯ ಹಿಂದಕ್ಕೆ ಹೋದಳು. ಬರುವಾಗ ಪಾತ್ರೆ ಬರಿದಾಗಿತ್ತು. ನನಗೆ ಒಳಗೇ ಸಂತೋಷವಾಯಿತು. ಯಾರು, ಏನು, ಯಾವಾಗ, ಎಲ್ಲಿ, ಎಷ್ಟು. ಐದಕ್ಕೂ ಉತ್ತರ ಸಿಗುವ ವಿಷಯ ತಾನಾಗಿ ಕಾಲ ಬುಡಕ್ಕೆ ಬಂದಿತ್ತು.

ತೋಡು ದಾಟುವುದು ನಮಗೆ ನಿಷೇಧ. ಹಾಗಾಗಿ ಈಚೆ ದಡದ ಪೊದೆಯಲ್ಲಿ ಕೂತು ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಜಿಗಣೆ ಕಚ್ಚಿದರೂ ಅಲ್ಲಾಡಲಿಲ್ಲ. ನಾಲ್ಕನೆಯ ದಿನ ಬರೆದೆ. ಬರೆದದ್ದು ಇವತ್ತಿಗೂ ಬಾಯಿಗೆ ಬರುತ್ತದೆ, ಹೆಸರೊಂದನ್ನು ಬಿಟ್ಟು ಹಾಗೇ ಕೊಡುತ್ತೇನೆ.

'ನಾನು ಕಂಡದ್ದು. ನಮ್ಮ ಗದ್ದೆ ಕೆಲಸದ ಅಕ್ಕ ಮಧ್ಯಾಹ್ನದ ಗಂಜಿಯನ್ನು ಅರ್ಧ ಕುಡಿದು ಅರ್ಧ ಪಾತ್ರೆಗೆ ಹಾಕಿಕೊಂಡಳು. ಪಾತ್ರೆಯ ಬಾಯಿಗೆ ಬಾಳೆಲೆ ಕಟ್ಟಿದಳು. ಕಡವಿನ ದೋಣಿಯವನು ಮಧ್ಯಾಹ್ನದ ಕೂಗು ಹಾಕಿದ ಮೇಲೆ ತೋಡು ದಾಟಿದಳು. ಮನೆಯ ದಾರಿಗೆ ಹೋಗಲಿಲ್ಲ. ಎಡಗಡೆ ಬಿದಿರು ಮೆಳೆಯ ಹಿಂದಕ್ಕೆ ಹೋದಳು. ಹೋಗುವ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡಿದಳು. ನಾನು ಮುನ್ನೂರ ಇಪ್ಪತ್ತು ಎಣಿಸುವಷ್ಟರಲ್ಲಿ ಬರಿ ಪಾತ್ರೆ ಹಿಡಿದು ಬಂದಳು. ಮೂರು ದಿನವೂ ಹೀಗೆ ಮಾಡಿದಳು. ಮೂರನೆಯ ದಿನ ಪಾತ್ರೆ ಎರಡು ಇತ್ತು.'

ಅಪ್ಪ ಓದಿದರು. ಇನ್ನೊಮ್ಮೆ ಓದಿದರು. ಕಡ್ಡಿ ಮುಟ್ಟಲಿಲ್ಲ. ಕೆಂಪು ಶಾಯಿಯಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಹತ್ತು ಎಂದು ಬರೆದು ಅದರ ಸುತ್ತ ಸುತ್ತು ಹಾಕಿದರು. "ಭಲೆ" ಅಂದರು. ಅವ್ವ ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು ಒಳಗೆ ಬಂದಳು.

"ಆ ಹಾಳೆ ಹರುದು ಒಲೆಗಾಕಿ. ಕಾಲ ಸರಿಗಿಲ್ಲ" ಅಂದಳು.

"ಕನ್ನಡದಲ್ಲಿ ಅದೆ ಕಣೆ" ಅಂದರು ಅಪ್ಪ. "ಈ ಪೊಲೀಸರಿಗೆ ಕನ್ನಡ ಎಲ್ ಬತ್ತದೆ? ಅವ್ರ ಕಣ್ಗೆ ಇದು ಇರುವೆ ಸಾಲು."

ಆದರೂ ಅವರಿಗೆ ಒಳಗೆ ಏನೋ ಚುಚ್ಚಿರಬೇಕು. ಈ ಪುಟವನ್ನು ಮಧ್ಯಾಹ್ನ ಆಳುಗಳ ಮುಂದೆ ಓದುವುದು ಬೇಡ, ಇರಲಿ ಎಂದರು. ನನ್ನ ಹೊಟ್ಟೆ ಉರಿದುಹೋಯಿತು. ಎರಡು ಅಂಕದ ಬರಹಗಳನ್ನೆಲ್ಲ ಊರಿಗೆಲ್ಲ ಕೇಳಿಸಿ, ಹತ್ತು ಬಂದದ್ದನ್ನು ಮುಚ್ಚಿಡುವುದು ಯಾವ ನ್ಯಾಯ? ಆ ದಿನ ಜಗುಲಿಯ ಮೇಲೆ ನಿಂತು ಹಳೆಯದೊಂದು ಓದಿದೆ.

ಎರಡು ದಿನ ಬಿಟ್ಟು ಪೊಲೀಸರು ಬಂದರು. ಕಾಡಂಚಿನ ಮನೆಗಳನ್ನೆಲ್ಲ ಒಂದೊಂದಾಗಿ ಶೋಧಿಸುತ್ತಿದ್ದರು. ನಮ್ಮ ಮೇಲೆ ಬೇರೆ ಅನುಮಾನವೇನೂ ಇರಲಿಲ್ಲ. ಗಂಜಿಯ ಹೊತ್ತು. ಆಳುಗಳೆಲ್ಲ ಅಂಗಳದಲ್ಲಿ ಎದ್ದು ನಿಂತರು. ಆರು ಪೇದೆಗಳು ಕಣಜ ಕುಕ್ಕಿದರು, ಅಟ್ಟ ಹತ್ತಿದರು, ಹಾಸಿಗೆ ಕೊಡವಿದರು. ಇನ್‌ಸ್ಪೆಕ್ಟರು ಜಗುಲಿಯ ಕುರ್ಚಿಯಲ್ಲಿ ಕೂತು ಸುಮ್ಮನೆ ಕೈಗೆ ಸಿಕ್ಕಿದ ನನ್ನ ಪುಸ್ತಕದ ಹಾಳೆ ತಿರುಗಿಸಿದರು. ಕೆಂಪು ಶಾಯಿಯ ದೊಡ್ಡ ಹತ್ತು ಕಂಡಿತು. ಅಂಕಿ ಓದಲು ಕನ್ನಡ ಬೇಕಾಗಿರಲಿಲ್ಲ. ಅಪ್ಪ ಅಂಕಗಳನ್ನು ಶಾಲೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಂಕಿಯಲ್ಲೇ ಹಾಕುತ್ತಿದ್ದರು.

ಇದೇನು ಎಂದು ಮಲಯಾಳದಲ್ಲಿ ಕೇಳಿದರು. ಮಕ್ಕಳ ಪಾಠ ಸಾರ್, ನಾನು ಓದಿ ಹೇಳುತ್ತೇನೆ ಎಂದು ಅಪ್ಪ ಕೈ ಚಾಚಿದರು. ಆ ಆತುರವನ್ನು ಇನ್‌ಸ್ಪೆಕ್ಟರು ಗಮನಿಸಿದರು. ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡು, ಬರೆದವರು ಯಾರು ಎಂದರು. ನಾನು ಮುಂದೆ ಬಂದೆ. ಯಾರೂ ನನ್ನನ್ನು ತಳ್ಳಲಿಲ್ಲ.

"ವಾಯಿಕ್ಕ್" ಅಂದರು, ಓದು ಎಂದು. "ಮೊದಲು ನಿನ್ನ ಭಾಷೆಯಲ್ಲಿ. ಆಮೇಲೆ ಒಂದೊಂದೇ ಸಾಲು ಮಲಯಾಳದಲ್ಲಿ ಹೇಳು."

ಈಗ ಈ ಜಾಗದಲ್ಲಿ ನಿಧಾನವಾಗಿ ಬರೆಯುತ್ತೇನೆ. ಅಲ್ಲಿದ್ದ ಏಳು ಪೊಲೀಸರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಅಪ್ಪ ಹೇಳಿದ್ದು ನಿಜವೇ ಆಗಿತ್ತು, ಅವರಿಗೆ ಅದು ಇರುವೆ ಸಾಲು. ನಾನು ಆ ಪುಟ ಹಿಡಿದು ಹಸು ತೋಡು ದಾಟಿತು ಎನ್ನಬಹುದಿತ್ತು. ಇವತ್ತು ಮಳೆ, ನಿನ್ನೆಯೂ ಮಳೆ ಎನ್ನಬಹುದಿತ್ತು. ಆಳುಗಳು ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಅವ್ವ ಬಾಗಿಲ ಸಂದಿಯಲ್ಲಿ ಕೆಮ್ಮಿದಳು, ಮತ್ತೆ ಕೆಮ್ಮಿದಳು. ಆ ಕೆಮ್ಮು ಯಾಕೆಂದು ನನಗೆ ಅರ್ಥವಾಯಿತು. ಹನ್ನೊಂದು ವರ್ಷದ ಹುಡುಗಿಗೆ ತಿಳಿಯಲಿಲ್ಲ ಎಂದು ಈಗ ಯಾರಾದರೂ ನನ್ನ ಪರ ವಾದ ಹೂಡಿದರೆ ಅವರ ಬಾಯಿ ಮುಚ್ಚಿಸುತ್ತೇನೆ. ತಿಳಿದಿತ್ತು. ಆದರೆ ಹತ್ತಕ್ಕೆ ಹತ್ತು ಬಂದ ನನ್ನ ಪುಟವನ್ನು ಅಂಗಳದ ತುಂಬ ಜನರ ಮುಂದೆ ಓದುವ ಹೊತ್ತು ಕೊನೆಗೂ ಬಂದಿತ್ತು.

ಓದಿದೆ. ಕನ್ನಡದಲ್ಲಿ ಮೊದಲು, ಒಂದು ಅಕ್ಷರ ತಡವರಿಸದೆ. ಅಕ್ಕ ತನ್ನ ಹೆಸರು ಕೇಳಿ ತಲೆಯೆತ್ತಿದಳು. ಅವಳ ಮುಖದಲ್ಲಿ ನಗು ಬಂತು. ಪಕ್ಕದವಳ ತೋಳನ್ನು ಮೊಣಕೈಯಿಂದ ತಿವಿದಳು, ನೋಡು ನನ್ನ ಹೆಸರು ಎಂಬ ಹಾಗೆ. ಬಿದಿರು ಮೆಳೆಯ ಸಾಲಿಗೆ ಬರುವ ಹೊತ್ತಿಗೆ ಆ ನಗು ಇಳಿದಿತ್ತು.

ಆಮೇಲೆ ಮಲಯಾಳದಲ್ಲಿ ಹೇಳಿದೆ. ಇನ್‌ಸ್ಪೆಕ್ಟರು ನಡುವೆ ತಡೆದು, ಬೆಳಗಿನ ಹೊತ್ತಲ್ಲವೇ ಎಂದಾಗ, ಅಲ್ಲ, ದೋಣಿಯವನು ಮಧ್ಯಾಹ್ನದ ಕೂಗು ಹಾಕಿದ ಮೇಲೆ ಎಂದು ತಿದ್ದಿದೆ. ಪಾತ್ರೆ ಎರಡು ಎಂದಾಗ ಬೆರಳು ಎರಡು ಎತ್ತಿ ತೋರಿಸಿದೆ. ಅವರು ನನ್ನ ತಲೆ ಸವರಿ "ಮಿಡುಕ್ಕಿ!" ಅಂದರು. ಜಾಣೆ ಎಂದು ಅರ್ಥ. ಅಪ್ಪನ ಒಂದು ಭಲೆಗೆ ತಿಂಗಳುಗಟ್ಟಲೆ ಏಟು ತಿಂದವಳಿಗೆ ಇದು ಪುಕ್ಕಟೆ ಸಿಕ್ಕಿತ್ತು. ನಾಚಿಕೆಯಿಂದ ನಕ್ಕೆ.

"ಎಂತಿನಾ?" ಎಂದರು ಅವರು. ಯಾಕೆ ಒಯ್ಯುತ್ತಾಳೆ?

"ಅದು ನಮ್ಮ ಪಾಠದಲ್ಲಿಲ್ಲ" ಅಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪುಟವನ್ನು ನೀಟಾಗಿ ಹರಿದು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅಂಗಳಕ್ಕೆ ಇಳಿದು ಅದೇ ಪ್ರಶ್ನೆಯನ್ನು ಅಕ್ಕನಿಗೆ ಕೇಳಿದರು. ಯಾರಿಗೆ ಒಯ್ಯುತ್ತೀಯ, ಯಾಕೆ? ಅವಳು ನೆಲ ನೋಡಿದಳು. ಮತ್ತೆ ಕೇಳಿದರು. ಅವಳು ಒಮ್ಮೆ ನನ್ನ ಅವ್ವ ನಿಂತಿದ್ದ ಬಾಗಿಲ ಕಡೆ ಕಣ್ಣೆತ್ತಿ, ಮತ್ತೆ ನೆಲ ನೋಡಿದಳು. ಪೇದೆಯೊಬ್ಬ ಕೆನ್ನೆಗೆ ಹೊಡೆದ. ಬಾಯಿಗೆ ಬೀಗ ಹಾಕಿದವಳ ಹಾಗೆ ನಿಂತೇ ಇದ್ದಳು. ಕಾಡಿನವರನ್ನು ಬಚ್ಚಿಡುತ್ತಿದ್ದಾಳೆ ಎಂಬುದಕ್ಕೆ ಅವರಿಗೆ ಇನ್ನೇನೂ ಬೇಕಿರಲಿಲ್ಲ. ಅವಳನ್ನು ಮುಂದೆ ನಡೆಸಿಕೊಂಡು ತೋಡಿನ ಕಡೆ ಹೋದರು.

ಅವರು ಗದ್ದೆ ಬದು ಇಳಿಯುತ್ತಲೇ ಅವ್ವ ಹೊರಗೆ ಬಂದು ನನ್ನ ಕೆನ್ನೆಗೆ ಬಾರಿಸಿದಳು. ಅವಳು ಜೀವಮಾನದಲ್ಲಿ ನನಗೆ ಹೊಡೆದದ್ದು ಅದೊಂದೇ ಸಲ.

"ಅವಳ ಮಗಳು ಹೆತ್ತು ಹದ್ನೈದು ದಿನ ಆಗ್ಯದೆ" ಅಂದಳು. "ಗಂಜಿ ಬಾಣಂತಿಗೆ. ಎರಡ್ನೇ ಪಾತ್ರೇಲಿ ಕಷಾಯ. ಅದನ್ನ ಕಾಯ್ಸಿ ಕೊಟ್ಟೋಳು ನಾನು."

ಬಿದಿರು ಮೆಳೆಯ ಹಿಂದೆ ಅವರ ಜನ ಹುಲ್ಲಿನ ಒಂದು ಸಣ್ಣ ಗುಡಿಸಲು ಕಟ್ಟಿಕೊಂಡಿದ್ದರು. ಹೆತ್ತವಳು ಮಗುವಿನೊಂದಿಗೆ ತಿಂಗಳು ಕಳೆಯುವವರೆಗೆ ಅಲ್ಲೇ ಇರಬೇಕು. ಹೆಂಗಸರು ಮಾತ್ರ ಅನ್ನ ಒಯ್ಯಬೇಕು. ಗಂಡಸಿನ ನೆರಳು ಅಲ್ಲಿ ಬೀಳಬಾರದು; ಆ ಗುಡಿಸಲಿನ ಮಾತನ್ನು ಗಂಡಸರ ಎದುರಿಗೆ ಎತ್ತಲೂ ಬಾರದು. ಎತ್ತಿದರೆ ಮಗುವಿಗೆ ಕೇಡು ಎಂದು ಅವರ ನಂಬಿಕೆ. ಮಗುವಿಗೆ ಕೇಡಾಗದಿರಲಿ ಎಂದು ಅವಳು ಹೊಡೆತ ತಿಂದು ಸುಮ್ಮನಿದ್ದಳು.

"ನೀನ್ ಯಾಕೆ ಹೇಳ್ನಿಲ್ಲ?" ಎಂದು ಅಪ್ಪ ಅವ್ವನನ್ನು ಕೇಳಿದರು. ಅವರ ಬಾಯಲ್ಲಿ ಯಾಕೆ ಎಂಬ ಪ್ರಶ್ನೆ ಬಂದದ್ದು ಆಗ.

"ಅಷ್ಟು ಜನ ಗಂಡಸ್ರ ಮುಂದೆ ಹೆಂಗೆ ಹೇಳ್ಲಿ?" ಅಂದಳು ಅವ್ವ. ಆಮೇಲೆ ಸೆರಗು ಬಾಯಿಗೆ ತುಂಬಿಕೊಂಡು ಒಲೆಯ ಮುಂದೆ ಕೂತುಬಿಟ್ಟಳು. ಅಪ್ಪ ಛತ್ರಿ ಹಿಡಿದು ತೋಡಿನವರೆಗೆ ಹೋಗಿ, ಆಚೆ ದಾಟುವ ಧೈರ್ಯವಾಗದೆ ಹಿಂದಿರುಗಿದರು.

ಪೊಲೀಸರು ಗುಡಿಸಲನ್ನು ಸುತ್ತುಗಟ್ಟಿದರು. ಒಳಗೆ ಬಾಣಂತಿ, ಮಗು ಬಿಟ್ಟರೆ ಯಾರೂ ಇರಲಿಲ್ಲ. ಕೋವಿ ಬಚ್ಚಿಟ್ಟಿರಬಹುದೆಂದು ಸೂರಿನ ಹುಲ್ಲನ್ನೆಲ್ಲ ಕಿತ್ತು ಹುಡುಕಿದರು, ಗೋಡೆಯ ಬಿದಿರು ತಟ್ಟಿಯನ್ನೂ ಕಿತ್ತರು. ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಅವರಿಗೆ ಇನ್ನೊಂದು ಅನುಮಾನವಾಯಿತು. ಇದ್ದವರು ಓಡಿಹೋಗಿರಬೇಕು ಎಂದರು. ಅಕ್ಕನನ್ನು ಜೀಪಿಗೆ ಹತ್ತಿಸಿದರು. ಸೂರಿಲ್ಲದ ಗುಡಿಸಲಿನ ಮೇಲೆ ಆಷಾಢದ ಮಳೆ ಆ ದಿನವೂ ಮರುದಿನವೂ ಬಿಡದೆ ಸುರಿಯಿತು. ಗಂಡಸರು ಹೊಕ್ಕ ಗುಡಿಸಲಿನಿಂದ ಬಂದ ಬಾಣಂತಿಯನ್ನು ಮನೆಯೊಳಗೆ ಸೇರಿಸಲು ಅವರ ಜನ ಹೆದರಿದರು. ನಮ್ಮ ಕೊಟ್ಟಿಗೆಗೆ ಕರೆತರಲು ಅವ್ವ ಎರಡನೆಯ ಸಂಜೆ ಹೋದಾಗ ಮಗು ನೆಗಡಿ ಕಟ್ಟಿ ಉಸಿರಾಡಲು ತಿಣುಕುತ್ತಿತ್ತು. ಮೂರನೆಯ ದಿನ ಸತ್ತಿತು. ಹೆಣ್ಣು ಮಗು.

ಅಕ್ಕನನ್ನು ಇಟ್ಟುಕೊಂಡದ್ದು ನನ್ನ ಶಾಲೆಯಲ್ಲಿ, ನಾನು ಕೂರುತ್ತಿದ್ದ ಕೋಣೆಯಲ್ಲಿ. ನಾಲ್ಕು ದಿನ. ಮಗು ಸತ್ತದ್ದು ತಿಳಿದ ಮೇಲೆ ಅವಳು ಬಾಯಿ ಬಿಟ್ಟಳಂತೆ. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಹಿಂದಿರುಗುವಾಗ ಅವಳ ಬಲಗೈಯ ನಾಲ್ಕು ಬೆರಳು ಬಾತು ಕಪ್ಪಾಗಿದ್ದವು. ಬಾವು ಇಳಿದ ಮೇಲೂ ಅವು ಮಡಚಲಿಲ್ಲ. ಪೈರು ಹಿಡಿಯಲು ಆಗದ ಕೈಗೆ ನಾಟಿ ಕೆಲಸ ಎಲ್ಲಿಂದ? ಅಪ್ಪ ಅವಳಿಗೆ ಅಂಗಳ ಗುಡಿಸುವ ಕೆಲಸ ಕೊಟ್ಟರು. ದೊಡ್ಡ ಉಪಕಾರ ಮಾಡಿದೆನೆಂದು ಅವರು ಸಾಯುವವರೆಗೆ ನಂಬಿದ್ದರು.

ಪಾಠ ನಿಲ್ಲಲಿಲ್ಲ. ಒಂದು ವಾರ ಬಿಟ್ಟು ಅಪ್ಪ ಮೈಸೂರು ಕಡೆಯ ಹಳೆಯ ವಾಚನ ಪುಸ್ತಕವೊಂದನ್ನು ನಮ್ಮ ಮುಂದಿಟ್ಟು, ಇನ್ನು ಮೇಲೆ ಇದನ್ನು ನೋಡಿ ಬರೆಯಿರಿ ಅಂದರು. ಕೈಪಿಡಿ ಎಲ್ಲಿ ಹೋಯಿತೆಂದು ನಾವು ಕೇಳಲಿಲ್ಲ. ಮಧ್ಯಾಹ್ನದ ಓದೂ ನಿಂತಿತು. ನಾನು 'ಹಸು ಸಾಧು ಪ್ರಾಣಿ' ಎಂದು ಇಪ್ಪತ್ತು ಸಲ ಬರೆಯುವಾಗ ಅಕ್ಕ ಎಡಗೈಯಲ್ಲಿ ಪೊರಕೆ ಹಿಡಿದು ಜಗುಲಿಯ ಕೆಳಗೆ ಗುಡಿಸುತ್ತಿದ್ದಳು. ನಾನು ತಲೆಯೆತ್ತುತ್ತಿರಲಿಲ್ಲ. ಹೇಡಿ ನಾನು.

ಆಮೇಲೆ ನಾನು ಟೀಚರಾದೆ. ಬರೆಸುವುದರಲ್ಲಿ ನನ್ನಂಥವರಿಲ್ಲ ಎಂಬ ಹೆಸರೂ ಬಂತು, ಹತ್ತಕ್ಕೆ ಹತ್ತು ಯಾರಿಗೂ ಕೊಡದ ಜಿಪುಣಿ ಎಂಬ ಹೆಸರೂ ಬಂತು. ಮಕ್ಕಳು ಬೇಡಿಕೊಂಡರೂ ಒಂಬತ್ತೂವರೆಗೆ ನಿಲ್ಲಿಸುತ್ತಿದ್ದೆ.

ಅಪ್ಪ ತೀರಿಕೊಂಡ ವರ್ಷ ಅಕ್ಕನ ಮನೆಗೆ ಹೋದೆ. ಬಹಳ ಮುದುಕಿಯಾಗಿದ್ದಳು. ಬಾಗಿಲ ಬಳಿ ಕೂತು ಎಡಗೈಯಲ್ಲಿ ಗೆಣಸು ಸುಲಿಯುತ್ತಿದ್ದಳು, ಬಲಗೈ ಅದನ್ನು ನೆಲಕ್ಕೆ ಒತ್ತಿಹಿಡಿಯಲು ಮಾತ್ರ. ನಾನು ಎಷ್ಟೋ ವರ್ಷ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಆ ದಿನ ನಾನು ಸುಳ್ಳು ಓದಬಹುದಿತ್ತು ಅಕ್ಕ, ಅವರಿಗೆ ಗೊತ್ತಾಗುತ್ತಿರಲಿಲ್ಲ, ನನಗೆ ಗೊತ್ತಿತ್ತು ಎಂದೆ. ಅವಳು ಬೈದರೆ ಸಾಕಿತ್ತು. ಉಗಿದಿದ್ದರೂ ಒರೆಸಿಕೊಂಡು ಹಗುರಾಗಿ ಬರುತ್ತಿದ್ದೆ. ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಅದ ಇನ್ನೊಂದ್ ಸಲ ಓದ್ತೀಯಾ ಕೂಸೇ?" ಅಂದಳು. "ನನ್ ಮೇಲೆ ಬರ್ದಿದ್ದು ಅದೊಂದೆಯಾ. ಆಗ ಪೂರಾ ಕೇಳಕ್ಕಾಗ್ನಿಲ್ಲ."

ಪುಟ ಇಲ್ಲ ಎಂದೆ. ಬಾಯಲ್ಲಿ ಇದ್ರೆ ಹೇಳು ಅಂದಳು. ಬಾಯಲ್ಲಿತ್ತು. ಅವಳ ಎದುರು ನೆಲದ ಮೇಲೆ ಕೂತು ಹೇಳಿದೆ, ಅರ್ಧ ಗಂಜಿಯಿಂದ ಹಿಡಿದು ಎರಡು ಪಾತ್ರೆಯವರೆಗೆ, ಒಂದು ಅಕ್ಷರ ಬಿಡದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ತನ್ನ ಹೆಸರು ಬಂದಾಗ ಮೊದಲಿನ ಹಾಗೇ ನಕ್ಕಳು. ಮುಗಿದ ಮೇಲೆ ಕಣ್ಣು ತೆರೆದಳು.

"ಅಷ್ಟೆಯಾ?" ಅಂದಳು.

"ಅಷ್ಟೆ."

"ಮಗೀನ ಸುದ್ದೀನೇ ಇಲ್ವಲ್ಲ ಕೂಸೇ ಅದ್ರಲ್ಲಿ."

ಅದಕ್ಕೆ ಕೊಡಲು ನನ್ನ ಹತ್ತಿರ ಉತ್ತರ ಒಂದೇ ಇತ್ತು, ಆಗಲೇ ಒಮ್ಮೆ ಆಡಿದ್ದದ್ದು.

"ಅದು ಪಾಠದಲ್ಲಿರಲಿಲ್ಲ ಅಕ್ಕ" ಅಂದೆ.

ಅವಳು ತಲೆಯಾಡಿಸಿ ಮತ್ತೆ ಗೆಣಸು ಎತ್ತಿಕೊಂಡಳು.